ಬಾನೆಟ್ ಕೆಳಗಿನ ಹಳೆ ಅಂಟು: ಮೊದಲು ಬಣ್ಣ ನೋಡಿ

ಹಳೆ ಪ್ರೀಮಿಯರ್ ಪದ್ಮಿನಿ ಕೊಂಡವರು ಗ್ಯಾರೇಜಿಗೆ ಬಂದು ಬಾನೆಟ್ ಎತ್ತಿ ತೋರಿಸುತ್ತಾರೆ. "ಸಾರ್, ಈ ಅಂಟು ಏನು ಹಾಕಿದ್ರೆ ಹೋಗುತ್ತೆ?" ನಾನು ತಿರುಗಿ ಕೇಳುತ್ತೇನೆ, "ಅಂಟಿನ ಕೆಳಗಿರೋ ಪೇಂಟ್ ಯಾವುದು?" ಅದು ಗೊತ್ತಾಗುವವರೆಗೆ ಯಾವ ಡಬ್ಬಿಯ ಮುಚ್ಚಳವನ್ನೂ ತೆಗೆಯುವುದು ಬೇಡ.

ಸದ್ದು ಕಮ್ಮಿಯಾಗಲಿ ಅಂತ ಒಂದು ಕಾಲದಲ್ಲಿ ಬಾನೆಟ್ ಒಳಗೆ ಫೋಮ್, ಫೆಲ್ಟ್, ಕೆಲವರು ಹಳೆ ಕಾರ್ಪೆಟ್ಟನ್ನೂ ಅಂಟಿಸಿದ್ದಾರೆ. ಬಳಸಿದ್ದು ಹೆಚ್ಚಾಗಿ ಫೆವಿಕಾಲ್ ಎಸ್‌ಆರ್ ಥರದ ಹಳದಿ ರಬ್ಬರ್ ಅಂಟು. (ಮರಗೆಲಸದ ಬಿಳಿ ಫೆವಿಕಾಲ್ ಬೇರೆ, ಅದು ನೀರಿನಲ್ಲಿ ಮಾಡಿದ್ದು.) ಎಂಜಿನ್ ಬಿಸಿಗೆ ವರ್ಷಗಟ್ಟಲೆ ಬೆಂದ ಮೇಲೆ ಫೋಮ್ ಪುಡಿಯಾಗಿ ಉದುರುತ್ತದೆ. ಅಂಟು ಮಾತ್ರ ಹಳೆ ಬೆಲ್ಲದ ಹಾಗೆ ಕಂದು ತಿರುಗಿ ಅಲ್ಲೇ ಕೂತಿರುತ್ತದೆ. ಉಗುರಲ್ಲಿ ಒತ್ತಿ ನೋಡಿ. ಗುರುತು ಬಿದ್ದರೆ ಬಿಸಿ ಮಾಡಿದಾಗ ಏಳುತ್ತದೆ. ಟಕ್ ಅಂತ ಸಿಡಿದರೆ ನೆನೆಸದೆ ಬೇರೆ ದಾರಿ ಇಲ್ಲ.

ಈಗ ಪೇಂಟ್ ಪರೀಕ್ಷೆ. ಬ್ಯಾಟರಿ ಟ್ರೇ ಕೆಳಗೋ ಹಿಂಜ್ ಹಿಂದೆಯೋ, ಕಣ್ಣಿಗೆ ಬೀಳದ ಜಾಗದಲ್ಲಿ ಬಿಳಿ ಬಟ್ಟೆಗೆ ಎರಡು ಹನಿ ಥಿನ್ನರ್ ಹಾಕಿ ಮೆತ್ತಗೆ ಉಜ್ಜಿ. ಬಟ್ಟೆಗೆ ಬಣ್ಣ ಸಲೀಸಾಗಿ ಬಂದರೆ ಅದು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಪೇಂಟ್. ಹೊಡೆದು ನಲವತ್ತು ವರ್ಷವಾಗಿದ್ದರೂ ಥಿನ್ನರ್ ಬಿದ್ದ ಕೂಡಲೇ ಕರಗುತ್ತದೆ. ಸಾದಾ ಸಿಂಥೆಟಿಕ್ ಎನಾಮೆಲ್ ಆದರೆ ಸ್ವಲ್ಪ ಹೊತ್ತಿಗೆ ಉಬ್ಬಿ ಸುಕ್ಕಾಗುತ್ತದೆ. ಏನೂ ಆಗದಿದ್ದರೆ ಫ್ಯಾಕ್ಟರಿಯಲ್ಲಿ ಬೇಕ್ ಮಾಡಿದ ಪೇಂಟೋ, ಆಮೇಲೆ ಯಾರೋ ಹೊಡೆಸಿದ ಟೂ-ಕೆ ಪಿಯುವೋ (ಹಾರ್ಡನರ್ ಬೆರೆಸಿ ಹೊಡೆಯುವ ಪೇಂಟ್) ಇರಬೇಕು. ಮೊದಲ ಎರಡರಲ್ಲಿ ಥಿನ್ನರ್ ಸಹವಾಸವೇ ಬೇಡ. ಅಂಟಿಗಿಂತ ಮೊದಲು ಬಣ್ಣವೇ ಹೋಗುತ್ತದೆ.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿ. ಪದ್ಮಿನಿಯಲ್ಲಿ ಅದು ನೆಗೆಟಿವ್. ಹಳೆ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಇದ್ದೀತು, ನೋಡಿಕೊಳ್ಳಿ. ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ವೈರಿಂಗ್‌ಗೆ ಪ್ಲಾಸ್ಟಿಕ್ ಸುತ್ತಿ. ಸಾಧ್ಯವಾದರೆ ಇಬ್ಬರು ಸೇರಿ ಬಾನೆಟ್ಟನ್ನೇ ಬಿಚ್ಚಿ, ಹಳೆ ಹಾಸಿಗೆಯ ಮೇಲೆ ಮಗುಚಿ ಮಲಗಿಸಿ. ತಲೆ ಮೇಲೆ ಕೈ ಎತ್ತಿಕೊಂಡು ಮಾಡಿದರೆ ಹನಿಯೆಲ್ಲ ಕಣ್ಣಿಗೇ ಬೀಳುತ್ತದೆ.

ಬಿಸಿಗೆ ಹೇರ್ ಡ್ರೈಯರ್ ಸಾಕು. ಲೋಹದ ಮೇಲೆ ಕೈ ಇಟ್ಟರೆ ತಡೆಯೋಕೆ ಕಷ್ಟ ಅನ್ನುವಷ್ಟಾದಾಗ ಪ್ಲಾಸ್ಟಿಕ್ ಸ್ಕ್ರೇಪರ್ ಅಥವಾ ಹಳೆ ಎಟಿಎಂ ಕಾರ್ಡಿನಿಂದ ತಳ್ಳಿ. ಅಂಟು ಸುರುಳಿ ಸುರುಳಿಯಾಗಿ ಏಳುತ್ತದೆ. ಏಳದೆ ಉಳಿದದ್ದಕ್ಕೆ ಮಿನರಲ್ ಟರ್ಪೆಂಟೈನ್. ಇದು ಪೇಂಟ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಟರ್ಪ್ಸ್. ಬಾನೆಟ್ ಆರಿದ ಮೇಲೆ ಬಟ್ಟೆಯನ್ನು ಅದರಲ್ಲಿ ನೆನೆಸಿ ಅಂಟಿನ ಮೇಲೆ ಹಾಸಿ, ಆರದಂತೆ ಮೇಲೆ ಪಾಲಿಥೀನ್ ಹೊದಿಸಿ, ಅರ್ಧ ಗಂಟೆ ಸುಮ್ನೆ ಬಿಡಿ. ಬಹಳ ಜನ ಇಲ್ಲೇ ಸೋಲುತ್ತಾರೆ. ಸುರಿದ ತಕ್ಷಣ ಉಜ್ಜಲು ಶುರು ಮಾಡುತ್ತಾರೆ. ರಬ್ಬರ್ ಅಂಟು ಟರ್ಪ್ಸಿನಲ್ಲಿ ಸಕ್ಕರೆ ಥರ ಕರಗುವುದಿಲ್ಲ. ನಿಧಾನಕ್ಕೆ ಹೀರಿಕೊಂಡು ಉಬ್ಬುತ್ತದೆ, ಉಬ್ಬಿದ ಮೇಲೆ ಹಿಡಿತ ಬಿಡುತ್ತದೆ. ಪೂರ್ತಿ ಒಣಗಿದ ಅಂಟಿಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕಾಗಬಹುದು. ಟರ್ಪ್ಸ್ ಇರುವಾಗ ಮಾತ್ರ ಡ್ರೈಯರ್ ಹತ್ತಿರವೂ ತರಬೇಡಿ.

ಪೆಟ್ರೋಲ್ ಹಾಕಿ ಒರೆಸುವ ಚಾಳಿ ಗ್ಯಾರೇಜುಗಳಲ್ಲಿ ಇನ್ನೂ ಇದೆ. ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಅದರ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಮೂಲೆಯ ಸ್ವಿಚ್ಚಿನ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಡ್ರಿಲ್ಲಿಗೆ ವೈರ್ ಬ್ರಷ್ ಹಾಕುವುದೂ ಬೇಡ. ಅಂಟು ಬಿಸಿಯಾಗಿ ಇನ್ನಷ್ಟು ಹರಡುತ್ತದೆ, ಕೆಳಗಿನ ಪ್ರೈಮರ್ ಕಿತ್ತುಬರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಬರಿ ತಗಡು ತುಕ್ಕು ಹಿಡಿಯೋಕೆ ಎಷ್ಟು ಹೊತ್ತು ಬೇಕು ಹೇಳಿ?

ಫೈರ್‌ವಾಲ್, ಅಂದರೆ ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ, ಅದರ ಕಥೆ ಸ್ವಲ್ಪ ಬೇರೆ. ಅಲ್ಲಿ ಡಾಂಬರಿನ ಶೀಟ್ ಇರಬಹುದು. ಅದೂ ಟರ್ಪ್ಸಿಗೆ ಕರಗುತ್ತದೆ, ಆದರೆ ಒಂದು ತೆಳು ಪದರ ಉಳಿದರೂ ಹೊಸ ಪೇಂಟ್ ಮೇಲೆ ಕಂದು ಕಲೆಯಾಗಿ ಏಳುತ್ತದೆ. ಬಟ್ಟೆ ಬದಲಿಸುತ್ತಾ, ಅದು ಬಿಳಿಯಾಗಿಯೇ ಉಳಿಯುವವರೆಗೆ ಒರೆಸಿ. ಹಳೆ ನಾರಿನ ಪ್ಯಾಡ್ ಇದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಒಣಗಿದ್ದಾಗ ಕೆರೆಯಬೇಡಿ. ಅನುಮಾನ ಇದ್ದರೆ ಮುಟ್ಟದೆ ಬಿಟ್ಟು, ಗೊತ್ತಿರುವವರಿಂದ ತೆಗೆಸಿ.

ಬಾನೆಟ್ ಕೆಳಗೆ ಚಾಸಿ ನಂಬರ್ ಇರುವ ಜಾಗ, ಪ್ಲೇಟುಗಳ ಹತ್ತಿರ ಕೈ ಹಗುರ ಇರಲಿ. ಚಾಸಿ ನಂಬರ್ ಒತ್ತಿದ್ದರೆ ಉಳಿಯುತ್ತದೆ, ಪ್ಲೇಟಿನ ಮೇಲೆ ಪ್ರಿಂಟ್ ಆದ ಅಕ್ಷರ ಒಂದೇ ಒರೆಸಿಗೆ ಹೋಗುತ್ತದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು. ಹಾಗಾಗಿ ಒರಿಜಿನಲ್ ಪೇಂಟ್ ಇದ್ದಲ್ಲಿ ಕೊನೆಯ ಮಸುಕು ಕಲೆಯನ್ನು ಬಿಟ್ಟುಬಿಡಿ ಅಂತಲೇ ನಾನು ಹೇಳುವುದು. ಆ ಕಲೆಯ ಹಿಂದೆ ಬಿದ್ದು ಪೇಂಟ್ ಕಳೆದುಕೊಂಡವರು ಜಾಸ್ತಿ.

ಕೊನೆಗೆ ಪಾತ್ರೆ ತೊಳೆಯುವ ಸೋಪು, ಉಗುರು ಬೆಚ್ಚಗಿನ ನೀರಿನಿಂದ ಟರ್ಪ್ಸಿನ ಜಿಡ್ಡು ತೊಳೆದು ಪೂರ್ತಿ ಒಣಗಿಸಿ. ಹೊಸ ಪ್ಯಾಡ್ ಹಾಕುವುದಾದರೆ ನೀರು ಹೀರದ, ಬೇಗ ಬೆಂಕಿ ಹಿಡಿಯದ ಫೋಮ್ ತಗೊಳ್ಳಿ. ಬಾನೆಟ್ ಪಟ್ಟಿಯಲ್ಲಿರುವ ನೀರು ಇಳಿಯುವ ತೂತುಗಳನ್ನು ಅದು ಮುಚ್ಚದಂತೆ ಕತ್ತರಿಸಿ.