ಬ್ಯಾಂಜೊ ಹೊರಗಿಟ್ಟ ಮೇಲೆ: ಡೇವಿಡ್ ಗ್ರಿಸ್ಮನ್ ಕ್ವಿಂಟೆಟ್‌ನ ಮೊದಲ ಆಲ್ಬಂ (1977)

ಬ್ಲೂಗ್ರಾಸ್ (ತಂತಿವಾದ್ಯಗಳೇ ಮುಖ್ಯವಾದ ಅಮೆರಿಕದ ಹಳ್ಳಿಗಾಡಿನ ಸಂಗೀತ) ಮ್ಯಾಂಡೊಲಿನ್ ಕಲಿಯುತ್ತಿರುವವರಿಗೂ, ಕೈಯಲ್ಲಿ ವಾದ್ಯ ಇಲ್ಲದೆ ಸುಮ್ನೆ ಕೇಳಿ ಅರ್ಥ ಮಾಡಿಕೊಳ್ಳಬೇಕು ಅನ್ನುವವರಿಗೂ ಈ ಟಿಪ್ಪಣಿ. ಇಲ್ಲಿ ನೋಡುವುದು ಒಂದೇ ಒಂದು ಆಲ್ಬಂ. ಕ್ಯಾಲಿಫೋರ್ನಿಯಾದ ಕೆಲಿಡೊಸ್ಕೋಪ್ ಅನ್ನುವ ಸಣ್ಣ ಕಂಪನಿ 1977ರಲ್ಲಿ ಹೊರತಂದ 'ದಿ ಡೇವಿಡ್ ಗ್ರಿಸ್ಮನ್ ಕ್ವಿಂಟೆಟ್', ಅಂದರೆ ಮ್ಯಾಂಡೊಲಿನ್ ವಾದಕ ಗ್ರಿಸ್ಮನ್ ಅವರ ಐದು ಜನರ ತಂಡದ್ದು.

ಇದನ್ನು ಸಾಮಾನ್ಯವಾಗಿ "ಬ್ಲೂಗ್ರಾಸ್‌ಗೆ ಜಾಝ್ ಬೆರೆಸಿದ ಆಲ್ಬಂ" ಅಂತ ಪರಿಚಯಿಸುತ್ತಾರೆ. ಆ ಮಾತು ತಪ್ಪಲ್ಲ, ಆದರೆ ಕಲಿಯುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಬೆರೆಸುವುದು ಹೇಗೆ? ನಾನು ಮತ್ತೆ ಮತ್ತೆ ಕೇಳಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಗ್ರಿಸ್ಮನ್ ಮೊದಲು ಮಾಡಿದ್ದು ತೆಗೆಯುವ ಕೆಲಸ. ಬ್ಲೂಗ್ರಾಸ್ ತಂಡದಿಂದ ಹಾಡುಗಾರಿಕೆಯನ್ನು ತೆಗೆದರು, ಬ್ಯಾಂಜೊ ಅನ್ನುವ ಐದು ತಂತಿಯ ವಾದ್ಯ ತೆಗೆದರು. ಆ ಜಾಗ ಖಾಲಿಯಾದದ್ದರಿಂದ ಬೇರೆ ಸಂಗೀತಕ್ಕೆ ಒಳಗೆ ಬರಲು ದಾರಿಯಾಯಿತು. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ವಿವರಣೆ.

ಮೊದಲು ಬ್ಲೂಗ್ರಾಸ್ ತಂಡ ಹೇಗಿರುತ್ತದೆ ಅಂತ ತಿಳಿದಿರಬೇಕು. ಕೆಂಟಕಿಯ ರೋಸೀನ್ ಊರಿನ ಬಿಲ್ ಮನ್ರೋ (1911–1996) ಇದರ ಹಿರಿಯ. ಅವರ ತಂಡದ ಹೆಸರು ಬ್ಲೂ ಗ್ರಾಸ್ ಬಾಯ್ಸ್. ಅದರಿಂದಲೇ ಈ ಸಂಗೀತಕ್ಕೂ ಹೆಸರು ಬಂತು. ಮನ್ರೋ ನುಡಿಸುತ್ತಿದ್ದ ವಾದ್ಯ ಗಿಬ್ಸನ್ ಕಂಪನಿಯ ಎಫ್-5 ಮ್ಯಾಂಡೊಲಿನ್. ಅದರೊಳಗಿನ ಚೀಟಿಯಲ್ಲಿ ಆ ಕಂಪನಿಯ ವಾದ್ಯ ವಿನ್ಯಾಸಕ ಲಾಯ್ಡ್ ಲೋರ್ ಅವರ ಸಹಿ ಇದೆ, ದಿನಾಂಕ 9 ಜುಲೈ 1923. ತಂಡದಲ್ಲಿ ಮ್ಯಾಂಡೊಲಿನ್ ಜೊತೆ ಗಿಟಾರ್, ಪಿಟೀಲು, ಬ್ಯಾಂಜೊ ಮತ್ತು ಆಳೆತ್ತರದ ಬಾಸ್ ಇರುತ್ತವೆ. ಡ್ರಮ್ ಇಲ್ಲ. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ತಮ್ಮ ಮೂರು ಬೆರಳಿನ ಬ್ಯಾಂಜೊ ತಂದು ಸೇರಿಕೊಂಡ ಮೇಲೆ ಈ ಸಂಗೀತಕ್ಕೆ ಇವತ್ತು ನಾವು ಗುರುತಿಸುವ ರೂಪ ಬಂತು.

ಇಲ್ಲೊಂದು ಮಾತು ಮರೆಯಬಾರದು. ಬ್ಲೂಗ್ರಾಸ್ ಹುಟ್ಟಿದ್ದೇ ಬೆರಕೆಯಿಂದ. ಮನ್ರೋಗೆ ಸೋದರಮಾವ ಪೆನ್ ವ್ಯಾಂಡಿವರ್ ಅವರಿಂದ ಪಿಟೀಲಿನ ಹಳೆಯ ಮಟ್ಟುಗಳು ಸಿಕ್ಕವು. ಆರ್ನಲ್ಡ್ ಶುಲ್ಟ್ಸ್ ಅನ್ನುವ ಕಪ್ಪು ಗಿಟಾರ್ ವಾದಕರಿಂದ ಬ್ಲೂಸ್ ಸಿಕ್ಕಿತು. ಚರ್ಚಿನ ಹಾಡುಗಾರಿಕೆಯೂ ಸೇರಿತು. ಹಾಗಾಗಿ ಗ್ರಿಸ್ಮನ್ ಮಾಡಿದ್ದನ್ನು "ಶುದ್ಧ ಸಂಪ್ರದಾಯ ಕೆಡಿಸಿದರು" ಅನ್ನುವವರ ಜೊತೆ ನಾನಿಲ್ಲ.

ಚಾಪ್ ಅಂದರೆ ಏನು

ಇದು ಅರ್ಥವಾಗದೆ ಮುಂದಿನದು ಅರ್ಥವಾಗುವುದಿಲ್ಲ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲೋಣ.

ಮ್ಯಾಂಡೊಲಿನ್‌ಗೆ 8 ತಂತಿ, ಎರಡೆರಡರಂತೆ ನಾಲ್ಕು ಜೋಡಿ. ಕೆಳಗಿನ ಸ್ಥಾಯಿಯಿಂದ ಜಿ, ಡಿ, ಎ, ಇ. ಪಾಶ್ಚಾತ್ಯ ಪಿಟೀಲಿನ ಶ್ರುತಿಯೂ ಇದೇ. ಕರ್ನಾಟಕ ಸಂಗೀತದ ಪಿಟೀಲು ಕಲಿತು ಬಂದವರು ಇಲ್ಲಿ ಎಚ್ಚರವಾಗಿರಬೇಕು. ನಮ್ಮಲ್ಲಿ ಸ-ಪ-ಸ-ಪ ಅಂತ ಸೇರಿಸುತ್ತೇವೆ. ಸ ಇಂದ ಪ ಗೆ ಇರುವ ದೂರ ಬೇರೆ, ಪ ಇಂದ ಮೇಲಿನ ಸ ಗೆ ಇರುವ ದೂರ ಬೇರೆ. ಮ್ಯಾಂಡೊಲಿನ್‌ನಲ್ಲಿ ಪ್ರತಿ ಜೋಡಿಯೂ ಹಿಂದಿನ ಜೋಡಿಗೆ ಪ ಆಗಿರುತ್ತದೆ. ಬೆರಳಿನ ಅಭ್ಯಾಸ ಪೂರ್ತಿ ಬದಲಾಗುತ್ತದೆ.

ಈಗ ಚಾಪ್. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಒಂದಕ್ಕೂ ಮೂರಕ್ಕೂ ಬಾಸ್ ನುಡಿಯುತ್ತದೆ. ಎರಡಕ್ಕೂ ನಾಲ್ಕಕ್ಕೂ ಮ್ಯಾಂಡೊಲಿನ್ ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟಿ, ತಕ್ಷಣ ಸದ್ದನ್ನು ಕತ್ತರಿಸುತ್ತದೆ. "ಟಕ್" ಅಂತ ಕೇಳಿಸಬೇಕು, ಅಷ್ಟೇ. ಕತ್ತರಿಸುವುದು ಎಡಗೈ ಕೆಲಸ. ಮೀಟಿದ ಕೂಡಲೇ ಬೆರಳಿನ ಒತ್ತಡ ಸಡಿಲ ಮಾಡಬೇಕು, ಆದರೆ ಬೆರಳು ತಂತಿ ಬಿಟ್ಟು ಏಳಬಾರದು. ಎದ್ದರೆ ತಂತಿ ಮತ್ತೆ ಗುಂಯ್ ಅನ್ನುತ್ತದೆ. ನನಗೆ ಇದು ಕೈಗೆ ಹತ್ತಲು ತಿಂಗಳುಗಳೇ ಬೇಕಾದವು. ಮೆಟ್ರೊನೋಮ್ (ಸಮ ಲಯದಲ್ಲಿ ಬಡಿಯುವ ಯಂತ್ರ) ನಿಧಾನಕ್ಕೆ ಇಟ್ಟು, ಅದರ ಬಡಿತವನ್ನೇ ಎರಡು ಮತ್ತು ನಾಲ್ಕು ಅಂತ ಭಾವಿಸಿ ಅಭ್ಯಾಸ ಮಾಡಿದ್ದರಿಂದ ಜಾಸ್ತಿ ಉಪಯೋಗವಾಯಿತು.

ಜಿ ಮೇಜರ್ ಚಾಪ್‌ಗೆ ಮೆಟ್ಟಿಲುಗಳು (ಫ್ರೆಟ್) 7-5-2-3. ಅಂದರೆ ಜಿ ತಂತಿಯ 7ನೇ ಮೆಟ್ಟಿಲಿಗೆ ಕಿರುಬೆರಳು, ಡಿ ತಂತಿಯ 5ಕ್ಕೆ ಉಂಗುರ ಬೆರಳು, ಎ ತಂತಿಯ 2ಕ್ಕೆ ತೋರುಬೆರಳು, ಇ ತಂತಿಯ 3ಕ್ಕೆ ನಡುಬೆರಳು. ಒಂದು ತಂತಿಯೂ ಬಿಡಿಯಾಗಿ ಉಳಿದಿಲ್ಲ ನೋಡಿ. ಬಿಡಿ ತಂತಿ ಇದ್ದರೆ ಸದ್ದು ಕತ್ತರಿಸಲು ಆಗುವುದಿಲ್ಲ. ಡ್ರಮ್ ಇಲ್ಲದ ತಂಡದಲ್ಲಿ ಡ್ರಮ್‌ನ ಕೆಲಸ ಮಾಡುವುದು ಈ ಹಿಡಿತ.

ಬ್ಯಾಂಜೊ ಯಾಕೆ ಅಡ್ಡಿ

ಬ್ಯಾಂಜೊ ಮೇಲೆ ನನಗೆ ಬಹಳ ಪ್ರೀತಿ ಇದೆ. ಅದರ ಗುಣವೇ ಇಲ್ಲಿ ತೊಡಕು. ಮೂರು ಬೆರಳಿನ ಶೈಲಿಯಲ್ಲಿ ಬ್ಯಾಂಜೊ ಒಂದು ಚೂರು ಜಾಗವನ್ನೂ ಖಾಲಿ ಬಿಡುವುದಿಲ್ಲ, ಸ್ವರಗಳು ಮಳೆಯ ಹಾಗೆ ಸುರಿಯುತ್ತಿರುತ್ತವೆ. ಜೊತೆಗೆ ಅದರ ಐದನೇ ಗಿಡ್ಡ ತಂತಿ ಮೇಲಿನ ಜಿ ಸ್ವರವನ್ನು ಮತ್ತೆ ಮತ್ತೆ ಮೀಟುತ್ತಿರುತ್ತದೆ, ಒಂದು ರೀತಿ ತಂಬೂರಿಯಂತೆ. ಜಿ, ಸಿ, ಡಿ ಅನ್ನುವ ಮೂರು ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಓಡುವ ಹಾಡಿಗೆ ಅದು ಚೆಂದ. ಕಾರ್ಡ್‌ಗಳು ಹೆಜ್ಜೆಹೆಜ್ಜೆಗೂ ಬದಲಾಗುವ ಜಾಝ್ ನಡೆಯಲ್ಲಿ ಆ ನಿಂತ ಸ್ವರ ಒಪ್ಪುವುದು ಕಷ್ಟ. ಮೆತ್ತಗೆ ನುಡಿಸಿದ ಗಿಟಾರ್ ಕೂಡ ಅದರ ಕೆಳಗೆ ಮುಚ್ಚಿಹೋಗುತ್ತದೆ.

ಗ್ರಿಸ್ಮನ್‌ಗೆ ಇದು ಗೊತ್ತಿಲ್ಲದೆ ಆದದ್ದಲ್ಲ. 1945ರಲ್ಲಿ ಹುಟ್ಟಿ ನ್ಯೂಜೆರ್ಸಿಯ ಪಸೇಯಿಕ್‌ನಲ್ಲಿ ಬೆಳೆದವರು. ಅದೇ ಊರಿನ ಮ್ಯಾಂಡೊಲಿನ್ ವಾದಕ ರಾಲ್ಫ್ ರಿನ್ಸ್ಲರ್ ಅವರಿಂದ ಮನ್ರೋ ಸಂಗೀತದ ದಾರಿ ಹಿಡಿದರು. 1973ರಲ್ಲಿ ಓಲ್ಡ್ ಆಂಡ್ ಇನ್ ದ ವೇ ತಂಡದಲ್ಲಿ ಇದ್ದಾಗ ಬ್ಯಾಂಜೊ ನುಡಿಸುತ್ತಿದ್ದವರು ಗ್ರೇಟ್‌ಫುಲ್ ಡೆಡ್ ಅನ್ನುವ ರಾಕ್ ತಂಡದ ಜೆರ್ರಿ ಗಾರ್ಸಿಯಾ. ಗ್ರಿಸ್ಮನ್‌ಗೆ "ಡಾಗ್" ಅನ್ನುವ ಅಡ್ಡಹೆಸರು ಇಟ್ಟವರೂ ಅವರೇ. ಮುಂದೆ ಈ ಹೊಸ ಸಂಗೀತಕ್ಕೇ "ಡಾಗ್ ಮ್ಯೂಸಿಕ್" ಅಂತ ಹೆಸರಾಯಿತು. 1976ರಲ್ಲಿ ರೌಂಡರ್ ಕಂಪನಿಗೆ ಗ್ರಿಸ್ಮನ್ ಮಾಡಿದ ಏಕವ್ಯಕ್ತಿ ಆಲ್ಬಂ ಹೆಚ್ಚಾಗಿ ಬ್ಲೂಗ್ರಾಸ್ಸೇ, ಹಾಡುಗಳೂ ಇವೆ. ಮರುವರ್ಷದ ಕ್ವಿಂಟೆಟ್ ಆಲ್ಬಂನಲ್ಲಿ ಒಂದೂ ಹಾಡಿಲ್ಲ. ಎರಡನ್ನೂ ಒಂದೇ ದಿನ ಕೇಳಿದರೆ, ಹಳೆಯದನ್ನು ಚೆನ್ನಾಗಿ ಬಲ್ಲವರು ಬೇಕೆಂದೇ ಹೊರಟದ್ದು ಅಂತ ಗೊತ್ತಾಗುತ್ತದೆ.

ಐದು ಜನ, ಎರಡು ಮ್ಯಾಂಡೊಲಿನ್

ತಂಡ ಹೀಗಿತ್ತು: ಮ್ಯಾಂಡೊಲಿನ್‌ಗೆ ಗ್ರಿಸ್ಮನ್, ಎರಡನೇ ಮ್ಯಾಂಡೊಲಿನ್‌ಗೆ ಟಾಡ್ ಫಿಲಿಪ್ಸ್, ಗಿಟಾರ್‌ಗೆ ಟೋನಿ ರೈಸ್, ಪಿಟೀಲಿಗೆ ಡ್ಯಾರಲ್ ಆಂಗರ್, ಬಾಸ್‌ಗೆ ಬಿಲ್ ಅಮಾಟ್ನೀಕ್.

ಈ ಎರಡನೇ ಮ್ಯಾಂಡೊಲಿನ್ ಮೇಲೆ ಕಿವಿ ಇಡಿ. ಸಾಮಾನ್ಯ ಬ್ಲೂಗ್ರಾಸ್ ತಂಡದಲ್ಲಿ ಮ್ಯಾಂಡೊಲಿನ್ ವಾದಕ ತನ್ನ ಸರದಿ ಬಂದಾಗ ಚಾಪ್ ಬಿಟ್ಟು ಮುಂದೆ ಬರಬೇಕು. ಆಗ "ಟಕ್" ನಿಂತುಹೋಗುತ್ತದೆ, ಬೇರೆ ಯಾರೋ ಆ ತೂತು ಮುಚ್ಚಬೇಕು. ಇಲ್ಲಿ ಇನ್ನೊಂದು ಮ್ಯಾಂಡೊಲಿನ್ ಲಯ ಹಿಡಿದು ಕೂತಿರುವುದರಿಂದ ಗ್ರಿಸ್ಮನ್‌ಗೆ ಓಡಾಡಲು ಬಿಡುವು. ಮುಖ್ಯ ಮಟ್ಟು ಬಂದಾಗ ಎರಡೂ ಮ್ಯಾಂಡೊಲಿನ್ ಸೇರಿ ಎರಡು ಸ್ಥಾನದಲ್ಲಿ ಒಂದೇ ನಡೆ ನುಡಿಸುತ್ತವೆ. ಆ ಜೋಡಿ ದನಿ ಈ ಆಲ್ಬಂನ ಗುರುತು.

ಬರೀ ತಂತಿವಾದ್ಯ, ಡ್ರಮ್ ಇಲ್ಲ, ಪಿಟೀಲು ಮತ್ತು ಗಿಟಾರ್ ಮುಂದೆ. ಇದಕ್ಕೆ ಇನ್ನೊಬ್ಬ ಪೂರ್ವಜರೂ ಇದ್ದಾರೆ. 1934ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಹಾಟ್ ಕ್ಲಬ್ ಕ್ವಿಂಟೆಟ್. ಗಿಟಾರ್‌ನಲ್ಲಿ ಜ್ಯಾಂಗೊ ರೈನ್‌ಹಾರ್ಟ್, ಪಿಟೀಲಿನಲ್ಲಿ ಸ್ಟೆಫಾನ್ ಗ್ರಾಪೆಲಿ, ಅಲ್ಲೂ ಡ್ರಮ್ ಇಲ್ಲ. ಬ್ಲೂಗ್ರಾಸ್ ತಂಡದಿಂದ ಬ್ಯಾಂಜೊ ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಹಾಟ್ ಕ್ಲಬ್‌ನ ಆಕಾರ! ಇದನ್ನು ಮೊದಲು ಗಮನಿಸಿದ ದಿನ ನನಗೆ ತುಂಬಾ ಖುಷಿಯಾಗಿತ್ತು. ಜ್ಯಾಂಗೊ ಅವರ 'ಸ್ವಿಂಗ್ 39', 'ಸ್ವಿಂಗ್ 42' ಅನ್ನುವ ರಚನೆಗಳಿವೆ. ಈ ಆಲ್ಬಂನಲ್ಲಿ ಟೋನಿ ರೈಸ್ ರಚಿಸಿದ 'ಸ್ವಿಂಗ್ 51' ಇದೆ. ರೈಸ್ ಹುಟ್ಟಿದ್ದು 1951ರಲ್ಲಿ.

ಸ್ವಿಂಗ್ ಅನ್ನುವ ಜಾಝ್ ನಡೆ ನಮಗೆ ಸುಲಭವಾಗಿ ಸಿಗುತ್ತದೆ. ಬ್ಲೂಗ್ರಾಸ್‌ನ ವೇಗದ ಮಟ್ಟಿನಲ್ಲಿ ಸ್ವರಗಳು ಸಮ ದೂರದಲ್ಲಿ ಬರುತ್ತವೆ, ಬಾಯಲ್ಲಿ "ತಕಧಿಮಿ" ಅಂದಂತೆ. ಸ್ವಿಂಗ್‌ಗೆ ತಿಸ್ರ ನಡೆಯ "ತಕಿಟ" ತೆಗೆದುಕೊಳ್ಳಿ. ಅದರಲ್ಲಿ "ಕಿ" ನುಂಗಿಬಿಡಿ: ತ–ಟ, ತ–ಟ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಕೈಯಲ್ಲಿ ತಾಳ ಹಾಕಿಕೊಂಡು ಎರಡನ್ನೂ ಒಂದಾದ ಮೇಲೊಂದು ಹೇಳಿ ನೋಡಿ. ಗ್ರಿಸ್ಮನ್ ಒಂದೇ ರಚನೆಯೊಳಗೆ ಈ ಎರಡರ ನಡುವೆ ಜಾರುವುದು ಆಮೇಲೆ ತಾನಾಗಿ ಕೇಳಿಸತೊಡಗುತ್ತದೆ.

ಕೈ ಕದಲದೆ ಕಾರ್ಡ್ ಬದಲಾಗುವುದು

ಈಗ ವಾದ್ಯ ಇದ್ದವರು ಕೈಗೆತ್ತಿಕೊಳ್ಳಿ. ಇದು ಆಲ್ಬಂನಿಂದ ಇಳಿಸಿಕೊಂಡದ್ದಲ್ಲ, ವಿಷಯ ತೋರಿಸಲು ನಾನು ಆರಿಸಿದ ಉದಾಹರಣೆ.

ಜಿ ಯನ್ನು ಸ ಅಂದುಕೊಳ್ಳಿ. ಮೇಜರ್ ಅಂದರೆ ಸ, ಅಂತರ ಗಾಂಧಾರ, ಪ. ಮೈನರ್ ಅಂದರೆ ಸ, ಸಾಧಾರಣ ಗಾಂಧಾರ, ಪ. ಮೇಲೆ ಹೇಳಿದ 7-5-2-3 ಅನ್ನು ಮೈನರ್ ಮಾಡಲು 2ನ್ನು 1 ಮಾಡಿದರೆ ಸಾಕು, ಆದರೆ 1ರಿಂದ 7ಕ್ಕೆ ಬೆರಳು ಚಾಚಿ ಕೈ ನೋಯುತ್ತದೆ. ಅದಕ್ಕೆ ಜಿ ತಂತಿ ಬಿಟ್ಟುಬಿಡಿ. ಉಳಿದ ಡಿ, ಎ, ಇ ತಂತಿಗಳಲ್ಲಿ 2-1-3 ಹಿಡಿಯಿರಿ. ಈಗ ಬರುವುದು ಚತುಶ್ರುತಿ ಧೈವತ, ಸಾಧಾರಣ ಗಾಂಧಾರ, ಸ. ಪ ಇಲ್ಲ. ಜಾಝ್‌ನವರು ಇದಕ್ಕೆ ಜಿ ಮೈನರ್ ಸಿಕ್ಸ್ತ್ ಅನ್ನುತ್ತಾರೆ.

ಜೊತೆಗಾರರೊಬ್ಬರಿಗೆ ಬಾಸ್‌ನಲ್ಲೋ ಗಿಟಾರ್‌ನ ಕೆಳ ತಂತಿಯಲ್ಲೋ ಜಿ ನುಡಿಸಲು ಹೇಳಿ. ಆಮೇಲೆ ಅವರು ಸಿ ಗೆ ಹೋಗಲಿ, ನಿಮ್ಮ ಕೈ ಅಲ್ಲೇ ಇರಲಿ. ನೀವು ಹಿಡಿದ ಅದೇ ಮೂರು ಸ್ವರ ಈಗ ಸಿ ಸೆವೆಂತ್ ಆಗಿ ಕೇಳಿಸುತ್ತದೆ! ಕೆಳಗಿನ ನೆಲೆ ಬದಲಾದರೆ ಅದೇ ಸ್ವರದ ಬಣ್ಣ ಬದಲಾಗುತ್ತದೆ, ಗ್ರಹಭೇದದಲ್ಲಿ ಆಗುವ ಹಾಗೆ. ಮೂರು ತಂತಿಯ ಇಂಥ ಸಣ್ಣ ಹಿಡಿತಗಳು ಚಾಪ್‌ಗೂ ಸರಿಹೊಂದುತ್ತವೆ, ಯಾಕೆಂದರೆ ಇಲ್ಲೂ ಬಿಡಿ ತಂತಿ ಇಲ್ಲ. ಲಯ ಬ್ಲೂಗ್ರಾಸ್‌ನದು, ಕಾರ್ಡ್ ಜಾಝ್‌ನದು, ಎರಡೂ ಒಂದೇ "ಟಕ್" ಒಳಗೆ. ಇದರ ಮೇಲೆ ಬ್ಯಾಂಜೊದ ಐದನೇ ತಂತಿ ಬಿಡದೆ ಮೊಳಗುತ್ತಿದ್ದರೆ ಹೇಗಿರುತ್ತಿತ್ತು ಅಂತ ಒಮ್ಮೆ ಊಹಿಸಿಕೊಳ್ಳಿ.

ಈ ಕಲಿಕೆ ಟೋನಿ ರೈಸ್‌ಗೂ ಸುಲಭವಾಗಿರಲಿಲ್ಲ. ಬ್ಲೂಗ್ರಾಸ್ ಬ್ಯಾಂಜೊ ವಾದಕ ಜೆ. ಡಿ. ಕ್ರೋ ಅವರ ತಂಡದಲ್ಲಿ ದೊಡ್ಡ ಹೆಸರು ಮಾಡಿ, 1975ರಲ್ಲಿ ಅದನ್ನು ಬಿಟ್ಟು ಕ್ಯಾಲಿಫೋರ್ನಿಯಾಗೆ ಬಂದವರು. ಗ್ರಿಸ್ಮನ್ ರಚನೆಗಳಿಗಾಗಿ ಗಿಟಾರ್ ವಾದಕ ಜಾನ್ ಕಾರ್ಲಿನಿ ಅವರ ಹತ್ತಿರ ಕೂತು ಕಾರ್ಡ್‌ಗಳ ವಿದ್ಯೆಯನ್ನು ಹೊಸದಾಗಿ ಕಲಿತರು. ಅಷ್ಟು ಪಳಗಿದವರು ಮತ್ತೆ ವಿದ್ಯಾರ್ಥಿಯಾದರು ಅನ್ನುವುದು ನನಗೆ ಈ ಆಲ್ಬಂನ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ.

ಕೇಳುವ ಕ್ರಮ

'ಓಪಸ್ 57' ಇಂದ ಶುರು ಮಾಡಿ. ಜಿ ಮೈನರ್‌ನ ಈ ಮಟ್ಟನ್ನು ಗ್ರಿಸ್ಮನ್ 1973ರಲ್ಲೇ ಮ್ಯೂಲ್‌ಸ್ಕಿನ್ನರ್ ತಂಡದ ಜೊತೆ ರೆಕಾರ್ಡ್ ಮಾಡಿದ್ದರು. ಆ ತಂಡದಲ್ಲಿ ಬ್ಯಾಂಜೊ ವಾದಕ ಬಿಲ್ ಕೀತ್ ಇದ್ದರು, ಗಿಟಾರ್ ಕ್ಲಾರೆನ್ಸ್ ವೈಟ್ ಅವರದು. ಮೊದಲು ಅದು, ಆಮೇಲೆ 1977ರದು. ಒಂದೇ ಮಟ್ಟು, ಎರಡು ತಂಡ. ಮೊದಲ ಸಲ ಬಾಸ್ ಮಾತ್ರ ಹಿಂಬಾಲಿಸಿ. ಎರಡನೇ ಸಲ ಚಾಪ್ ಮಾತ್ರ. ಮೂರನೇ ಸಲ ಪಿಟೀಲಿನ ಕಮಾನು: ಮ್ಯಾಂಡೊಲಿನ್ ದನಿ ಬೇಗ ಆರಿಹೋಗುತ್ತದೆ, ಅದು ಬಿಟ್ಟ ಕಡೆಯಿಂದ ಆಂಗರ್ ಹೇಗೆ ಉದ್ದಕ್ಕೆ ಎಳೆದುಕೊಂಡು ಹೋಗುತ್ತಾರೆ ನೋಡಿ.

ಆಮೇಲೆ 'ಸ್ವಿಂಗ್ 51', ತ–ಟ ಹೇಳಿಕೊಂಡು. ನಿಧಾನದ ಬಣ್ಣ ಬೇಕೆಂದರೆ 'ಬ್ಲೂ ಮಿಡ್‌ನೈಟ್'. 'ಇ.ಎಂ.ಡಿ.' ವೇಗದ್ದು, ಅದನ್ನು ನುಡಿಸುವ ಆಸೆ ಸದ್ಯಕ್ಕೆ ಬೇಡ, ಕೇಳಿ ಸಾಕು.

ನಮ್ಮ ಕಡೆ ಮ್ಯಾಂಡೊಲಿನ್ ಅಂದ ತಕ್ಷಣ ಯು. ಶ್ರೀನಿವಾಸ್ ನೆನಪಾಗುತ್ತಾರೆ, ಅಲ್ವಾ? ಅವರ ವಾದ್ಯ ಎಲೆಕ್ಟ್ರಿಕ್, ಜೋಡಿ ತಂತಿಗಳ ಬದಲು ಒಂಟಿ ತಂತಿಗಳು. ಗಮಕಕ್ಕೆ ತಂತಿ ಎಳೆಯಬೇಕು, ಜೋಡಿ ತಂತಿ ಎಳೆದರೆ ಎರಡೂ ಒಂದೇ ಶ್ರುತಿಯಲ್ಲಿ ನಿಲ್ಲುವುದು ಕಷ್ಟ. ಗ್ರಿಸ್ಮನ್‌ರಲ್ಲಿ ಗಮಕ ಹುಡುಕಬೇಡಿ. ಅವರ ಮೀಟಿನ ಗಟ್ಟಿ-ಮೆದು ಕೇಳಿ, ಭಾವ ಅಲ್ಲಿದೆ.

ಇದು ಪೂರ್ತಿ ಕಿವಿಗೆ ಇಳಿದ ಮೇಲೆ 1979ರ 'ಮ್ಯಾಂಜನೀಟಾ' ಹಾಕಿಕೊಳ್ಳಿ. ಟೋನಿ ರೈಸ್ ಅವರ ಆಲ್ಬಂ. ಹಾಡುಗಳಿವೆ, ಬ್ಲೂಗ್ರಾಸ್ ಮಟ್ಟುಗಳಿವೆ, ಗ್ರಿಸ್ಮನ್, ಆಂಗರ್, ಫಿಲಿಪ್ಸ್ ಕೂಡ ಇದ್ದಾರೆ. ಬ್ಯಾಂಜೊ ಮಾತ್ರ ಇಲ್ಲ.