ಕ್ಯಾರೆಕ್ಟರ್ ಸೆಟ್ ಬೇರೆ, ಎನ್‌ಕೋಡಿಂಗ್ ಬೇರೆ

ಕನ್ನಡದ ಫೈಲ್ ಅಂತ ತೆರೆಯುತ್ತೀರಿ. ಒಳಗೆ ನೋಡಿದರೆ ತಲೆ ಮೇಲೆ ಗೀರು ಹೊತ್ತ ಇಂಗ್ಲಿಷ್ ಸಣ್ಣ ಎ, ಅದರ ಪಕ್ಕ ಗಣಿತದಲ್ಲಿ ವರ್ಗಕ್ಕೆ ಬರೆಯುತ್ತೇವಲ್ಲ ಆ ಥರದ ಪುಟ್ಟ 2, ಆಮೇಲೆ ಏನೋ ಒಂದು ದಪ್ಪ ಚುಕ್ಕೆ, ಮತ್ತೆ ಅದೇ ಗೀರಿನ ಎ, ಅದೇ ಪುಟ್ಟ 2, ಹೀಗೆ ಸಾಲುಗಟ್ಟಲೆ. ನೋಡಿದ್ದೀರಿ ಅಲ್ವಾ? ಫೈಲ್ ಕೆಟ್ಟುಹೋಗಿದೆ ಅಂದುಕೊಂಡು ನಾನೂ ಒಮ್ಮೆ ಇಂಥದ್ದನ್ನು ಅಳಿಸಿಬಿಟ್ಟಿದ್ದೆ. ಅದು ಕೆಟ್ಟಿರಲಿಲ್ಲ. ನಾನು ಓದಿಸಿದ ರೀತಿ ತಪ್ಪಾಗಿತ್ತು, ಅಷ್ಟೇ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಾಗಾಗಿ ಯಾವ ಯಾವ ಅಕ್ಷರ ಬೇಕು ಅಂತ ಯಾರಾದರೂ ಪಟ್ಟಿ ಮಾಡಿ, ಒಂದೊಂದಕ್ಕೂ ಒಂದು ನಂಬರ್ ಕೊಡಬೇಕು. ಆ ನಂಬರ್ ಪಟ್ಟಿಯೇ ಕ್ಯಾರೆಕ್ಟರ್ ಸೆಟ್. 1963ರಲ್ಲಿ ಬಂದ ಆಸ್ಕಿಯಲ್ಲಿ ಇದ್ದದ್ದು 128 ಜಾಗ. ಅದರಲ್ಲಿ ಇಂಗ್ಲಿಷಿನ ದೊಡ್ಡ ಎ ಅಕ್ಷರದ ನಂಬರ್ 65. ಐಬಿಎಂ ಕಂಪನಿಯ ಎಬ್ಸಿಡಿಕ್‌ನಲ್ಲಿ ಅದೇ ಎ 193. (ಅಲ್ಲಿ ಐ 201 ಆದರೆ ಅದರ ಮುಂದಿನ ಜೆ 209! ವರ್ಣಮಾಲೆಯ ನಡುವೆ ತೂತು.) ಯಾರು ಸರಿ ಅನ್ನುವ ಪ್ರಶ್ನೆಯೇ ಇಲ್ಲ, ಬರೆಯುವವರೂ ಓದುವವರೂ ಒಂದೇ ಪಟ್ಟಿ ಹಿಡಿದಿದ್ದರೆ ಸಾಕು.

ಎಲ್ಲ ಲಿಪಿಗಳಿಗೂ ಸೇರಿ ಒಂದೇ ಪಟ್ಟಿ ಇರಲಿ ಅಂತ ಹುಟ್ಟಿದ್ದು ಯುನಿಕೋಡ್. ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಜಾಗ. ನಮ್ಮ 'ಕ' ಕೂತಿರುವುದು 3221ರಲ್ಲಿ.

ಇಲ್ಲಿಗೆ ಸೆಟ್ಟಿನ ಕೆಲಸ ಮುಗಿಯಿತು. ಆದರೆ 3221 ಅನ್ನು ಡಿಸ್ಕಿನಲ್ಲಿ ಇಡುವುದು ಹೇಗೆ? ಒಂದು ಬೈಟಿನಲ್ಲಿ ಹಿಡಿಯುವುದು 0ಯಿಂದ 255ರವರೆಗೆ ಮಾತ್ರ. ದೊಡ್ಡ ನಂಬರನ್ನು ಒಡೆದು ಹಲವು ಬೈಟುಗಳಲ್ಲಿ ಇಡಬೇಕು, ಹೇಗೆ ಒಡೆಯಬೇಕು ಅನ್ನುವುದಕ್ಕೆ ಒಂದು ನಿಯಮ ಬೇಕು. ಆ ನಿಯಮವೇ ಎನ್‌ಕೋಡಿಂಗ್. ಯುಟಿಎಫ್-16ರ ನಿಯಮದಲ್ಲಿ 'ಕ' ಎರಡು ಬೈಟ್: 12, 149. ಕೆಲವು ಕಡೆ ಇದನ್ನೇ ತಿರುಗಿಸಿ 149, 12 ಅಂತಲೂ ಇಡುತ್ತಾರೆ, ಅದೊಂದು ಬೇರೆಯೇ ತಲೆನೋವು. ಯುಟಿಎಫ್-8ರಲ್ಲಿ ಮೂರು ಬೈಟ್: 224, 178, 149. ಅಕ್ಷರ ಅದೇ, ಪಟ್ಟಿಯಲ್ಲಿನ ನಂಬರೂ ಅದೇ, ಇಟ್ಟ ರೀತಿ ಮಾತ್ರ ಬೇರೆ.

ಯುಟಿಎಫ್-8 ಅನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಇದರ ಜಾಣತನ ಇರುವುದು ಆಸ್ಕಿಯ 128 ಅಕ್ಷರಗಳನ್ನು ಮುಟ್ಟದೆ ಹಾಗೇ ಬಿಟ್ಟದ್ದರಲ್ಲಿ. 65 ಅಂದರೆ ಇಲ್ಲೂ ಒಂದೇ ಬೈಟ್, 65. ಆಸ್ಕಿಯಲ್ಲಿದ್ದ ಹಳೆಯ ಇಂಗ್ಲಿಷ್ ಫೈಲುಗಳೆಲ್ಲ ಏನೂ ಬದಲಾಗದೆ ಯುಟಿಎಫ್-8 ಫೈಲುಗಳೇ ಆಗಿಬಿಟ್ಟವು. ಇದು ಎಲ್ಲ ಕಡೆ ಗೆದ್ದದ್ದಕ್ಕೆ ನನ್ನ ಪ್ರಕಾರ ದೊಡ್ಡ ಕಾರಣ ಇದೇ.

ಈಗ ಆ ಗೀರಿನ ಎಗೆ ಬನ್ನಿ. ವಿಂಡೋಸಿನ ಹಳೆಯ 1252 ಕೋಡ್ ಪೇಜಿನಲ್ಲಿ (ಅದೂ ಇಂಥದೇ ಒಂದು ನಂಬರ್ ಪಟ್ಟಿ) ಒಂದು ಬೈಟಿಗೆ ಒಂದು ಅಕ್ಷರ. ಅಲ್ಲಿ 224 ಅಂದರೆ ಗೀರಿನ ಎ, 178 ಅಂದರೆ ಪುಟ್ಟ 2, 149 ಅಂದರೆ ದಪ್ಪ ಚುಕ್ಕೆ. ಯುಟಿಎಫ್-8 ಫೈಲನ್ನು ಈ ಪಟ್ಟಿ ಹಿಡಿದು ಓದಿಸಿದಾಗ ನಮ್ಮ 'ಕ' ಮೂರು ತುಂಡಾಗಿ ಕಂಡದ್ದು ಹೀಗೆ! ಇನ್ನೊಂದು ಮಜಾ ಇದೆ. ಈಗ ಬಳಕೆಯಲ್ಲಿರುವ ಸ್ವರ, ವ್ಯಂಜನಗಳೆಲ್ಲ ಇರುವ, ಕನ್ನಡದ ಜಾಗದ ಮೊದಲರ್ಧದಲ್ಲಿ ಎರಡನೇ ಬೈಟ್ ಯಾವಾಗಲೂ 178. 'ೀ' ಇಂದ ಮುಂದಕ್ಕೆ ಅದು 179, ಅಂದರೆ ಪುಟ್ಟ 3. 'ಕನ್ನಡ' ಅನ್ನುವ ಪದ ಹೀಗೆ ಒಡೆದುಹೋದಾಗ ಪುಟ್ಟ ಅಂಕಿಗಳನ್ನಷ್ಟೇ ಓದಿಕೊಂಡು ಹೋಗಿ: 2, 2, 3, 2, 2. ನಡುವಿನ 3 ಯಾರು? 'ನ್ನ'ದ ಒತ್ತು ಮೂಡಿಸುವ ಆ '್' ಚಿಹ್ನೆ.

ಕಣ್ಣಿಗೆ ಮೂರೇ ಅಕ್ಷರ ಆದರೂ ಯುನಿಕೋಡ್ ಪಟ್ಟಿಯ ಪ್ರಕಾರ 'ಕನ್ನಡ' ಐದು: ಕ, ನ, ್, ನ, ಡ. ಯುಟಿಎಫ್-8ರಲ್ಲಿ ಹದಿನೈದು ಬೈಟ್. ಈ ಪದದ ಉದ್ದ ಎಷ್ಟು ಅಂತ ಪ್ರೋಗ್ರಾಮಿಗೆ ಕೇಳಿದಾಗ 3, 5, 15 ಇವುಗಳಲ್ಲಿ ಯಾವುದು ಬಂದರೂ ಬೈಯಬೇಡಿ, ಏನನ್ನು ಎಣಿಸಿದೆ ಅಂತ ನೋಡಿ.

ಗೊಂದಲ ಜಾಸ್ತಿ ಆಗುವುದು ಹೆಸರಿನಿಂದ. ವೆಬ್ ಪುಟದ ತಲೆಯಲ್ಲಿ, ಇಮೇಲ್ ಹೆಡರಿನಲ್ಲಿ 'ಚಾರ್‌ಸೆಟ್' ಅಂತ ಒಂದು ಜಾಗ ಇರುತ್ತದೆ, ಅಲ್ಲಿ ನಾವು ಯುಟಿಎಫ್-8 ಅಂತ ಬರೆಯುತ್ತೇವೆ. ಅದು ಸೆಟ್ಟೇ ಅಲ್ಲ, ಎನ್‌ಕೋಡಿಂಗ್! ಆಸ್ಕಿ ಕಾಲದಲ್ಲಿ ನಂಬರ್ ಮತ್ತು ಬೈಟ್ ಎರಡೂ ಒಂದೇ ಆಗಿದ್ದವು, ಆಗಿನ ರೂಢಿ ಹಾಗೇ ಉಳಿದುಕೊಂಡಿದೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಹಳೆಯ 'ಯುಟಿಎಫ್8' ಇನ್ನೂ ವಿಚಿತ್ರ, ಅದು ಒಂದು ಅಕ್ಷರಕ್ಕೆ ಮೂರು ಬೈಟಿನವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಮೂರು ಸಾಕು, ಹಾಗಾಗಿ ಎಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ. ಯಾರೋ ನಾಲ್ಕು ಬೈಟಿನ ಇಮೋಜಿ ಹಾಕಿದ ದಿನ ಕೈಕೊಡುತ್ತದೆ. ಪೂರ್ತಿ ಯುಟಿಎಫ್-8 ಬೇಕಿದ್ದರೆ ಅಲ್ಲಿ 'ಯುಟಿಎಫ್8ಎಂಬಿ4' ಅಂತ ಆರಿಸಿಕೊಳ್ಳಬೇಕು.

ಇನ್ನು ಮೇಲೆ ಅಕ್ಷರ ಕೆಟ್ಟದ್ದು ಕಂಡರೆ ಯಾವ ಥರ ಕೆಟ್ಟಿದೆ ಅಂತ ಮೊದಲು ನೋಡಿ. ಖಾಲಿ ಚೌಕಗಳು ಕಂಡರೆ ಸಾಮಾನ್ಯವಾಗಿ ಫಾಂಟ್ ಇಲ್ಲ ಅಂತ, ಎನ್‌ಕೋಡಿಂಗಿನ ತಪ್ಪಲ್ಲ. ಗೀರಿನ ಎಗಳ ಸಾಲು ಕಂಡರೆ ಸುಮ್ನೆ ಸೇವ್ ಒತ್ತಬೇಡಿ. ಒತ್ತಿದರೆ ಆ ತುಂಡುಗಳೇ ಹೊಸ ಅಕ್ಷರಗಳಾಗಿ ಕೂತುಬಿಡಬಹುದು. ಮುಚ್ಚಿ, ಯುಟಿಎಫ್-8 ಅಂತ ಆರಿಸಿ ಮತ್ತೆ ತೆರೆಯಿರಿ. ಆದರೆ ಫೈಲಿನ ಒಳಗೇ ಬರೀ ಪ್ರಶ್ನೆ ಚಿಹ್ನೆಗಳ ಸಾಲು ಇದ್ದರೆ, ಕನ್ನಡವೇ ಇಲ್ಲದ ಯಾವುದೋ ಸೆಟ್ಟಿಗೆ ಅದನ್ನು ಯಾರೋ ಸೇವ್ ಮಾಡಿದ್ದಾರೆ. ಪ್ರತಿ ಅಕ್ಷರದ ಜಾಗದಲ್ಲೂ ನಿಜವಾಗಿಯೂ ಪ್ರಶ್ನೆ ಚಿಹ್ನೆಯ ಬೈಟೇ, 63, ಕೂತಿರುತ್ತದೆ. ಅಲ್ಲಿಂದ ಕನ್ನಡ ವಾಪಸ್ ಬರುವುದಿಲ್ಲ. ಮೂಲ ಪ್ರತಿ ಯಾರ ಹತ್ತಿರ ಇದೆ ಅಂತ ಹುಡುಕಿ.