ಅಯಸ್ಕಾಂತಕ್ಕೆ ಅಂಟದ ಸ್ಟೀಲಿಗೂ ತುಕ್ಕು ಏಕೆ?

ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗೇಟಿಗೆ, ರೇಲಿಂಗಿಗೆ ಪೈಪು ಕೊಳ್ಳುವವರು ಅಯಸ್ಕಾಂತ ಹಿಡಿದು ನೋಡುವುದುಂಟು. ಅಂಟದಿದ್ದರೆ ಅಸಲಿ ಸ್ಟೇನ್‌ಲೆಸ್ ಸ್ಟೀಲ್, ಅಂಟಿದರೆ ಕಳಪೆ ಎಂಬುದು ಅವರ ನಂಬಿಕೆ. ಹೀಗೆ ಪರೀಕ್ಷಿಸಿ ತಂದ ಪೈಪಿನ ಬೆಸುಗೆಯ ಸುತ್ತ ಎರಡು ಮಳೆಗಾಲದೊಳಗೆ ಕಂದು ಕಲೆ ಕಾಣಿಸಿದರೆ ಆಶ್ಚರ್ಯಪಡಬೇಕಿಲ್ಲ.

ತುಕ್ಕನ್ನು ತಡೆಯುವುದು ಕ್ರೋಮಿಯಂ. ಅದು ಶೇ 10.5ರಷ್ಟಾದರೂ ಇದ್ದರೆ ಉಕ್ಕಿನ ಮೇಲೆ ಆಕ್ಸೈಡಿನ ತೆಳುಪದರ ತಾನಾಗಿ ಕಟ್ಟಿಕೊಳ್ಳುತ್ತದೆ. ನಿಕ್ಕಲ್‌ನ ಕೆಲಸ ಮುಖ್ಯವಾಗಿ ಬೇರೆ: 304 ದರ್ಜೆಯಲ್ಲಿ ಸುಮಾರು ಶೇ 18 ಕ್ರೋಮಿಯಂ ಜೊತೆಗಿರುವ ಶೇ 8 ನಿಕ್ಕಲ್, ಹರಳಿನ ರಚನೆಯನ್ನು ಆಸ್ಟೆನೈಟ್ (ಅಯಸ್ಕಾಂತಕ್ಕೆ ಅಂಟದ ರಚನೆ) ಆಗಿ ಉಳಿಸಿ, ಲೋಹವನ್ನು ಬಾಗಿಸಲು ಮತ್ತು ಬೆಸೆಯಲು ಅನುಕೂಲ ಮಾಡಿಕೊಡುತ್ತದೆ. ಬೆಲೆ ಏರಿಸುವುದೂ ಅದೇ.

1950ರ ದಶಕದಲ್ಲಿ, ಕೊರಿಯಾ ಯುದ್ಧದ ಕಾಲಕ್ಕೆ, ಅಮೆರಿಕದಲ್ಲಿ ನಿಕ್ಕಲ್ ಅಭಾವ ತಲೆದೋರಿದಾಗ ಅದರ ಒಂದು ಪಾಲಿನ ಜಾಗಕ್ಕೆ ಮ್ಯಾಂಗನೀಸ್ ಮತ್ತು ಸಾರಜನಕ ಬಂದು, 201, 202 ದರ್ಜೆಗಳು ಬಳಕೆಗೆ ಬಂದವು. ತೊಡಕು ಇರುವುದು ಇಲ್ಲಿಯೇ. ಕ್ರೋಮಿಯಂ ಹರಳನ್ನು ಫೆರೈಟ್ ಎಂಬ, ಅಯಸ್ಕಾಂತಕ್ಕೆ ಅಂಟುವ ರಚನೆಯತ್ತ ಎಳೆಯುತ್ತದೆ; ಆಸ್ಟೆನೈಟ್ ಹಿಡಿದಿಡುವಲ್ಲಿ ಮ್ಯಾಂಗನೀಸ್ ದುರ್ಬಲವಾದ್ದರಿಂದ, ನಿಕ್ಕಲನ್ನು ಶೇ 1ರ ಆಸುಪಾಸಿಗೆ ಇಳಿಸಿದಾಗ ಕ್ರೋಮಿಯಂ ಅನ್ನೂ ಇಳಿಸದೆ ಗತ್ಯಂತರವಿಲ್ಲ. ನಮ್ಮ ಪೇಟೆಯಲ್ಲಿ ಜೆ4 ಎಂದು ಕರೆಯುವ ಮಾಲು ಈ ಬಗೆಯದು. ಅಯಸ್ಕಾಂತಕ್ಕೆ ಅದು ಅಂಟುವುದಿಲ್ಲ. ನಿಕ್ಕಲ್ಲೇ ಇಲ್ಲದ, ಶೇ 16ಕ್ಕೂ ಹೆಚ್ಚು ಕ್ರೋಮಿಯಂ ಇರುವ, ಫೆರೈಟ್ ರಚನೆಯ 430 ದರ್ಜೆ ಅಂಟುತ್ತದೆ, ಪಾಪ, ಅದಕ್ಕೇ ಕಳಪೆ ಎನಿಸಿಕೊಳ್ಳುತ್ತದೆ.

ಕಟ್ಟಡ ಮತ್ತು ವಾಹನಗಳ ದಪ್ಪ ಹಲಗೆಗಳಿಗೆ 430 ಬೆಸುಗೆಯಲ್ಲಿ ಒಗ್ಗುವುದಿಲ್ಲ. ಶಾಖಕ್ಕೆ ಅದರ ಕಣಗಳು ಬೆಳೆದು ಲೋಹ ಪೆಡಸಾಗುತ್ತದೆ, ಸುಲಭವಾಗಿ ಬಿರಿಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1970ರ ದಶಕದ ಕೊನೆಗೆ ರೂಪುಗೊಂಡ, ಶೇ 12ರಷ್ಟು ಕ್ರೋಮಿಯಂನ 3ಸಿಆರ್12 ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ಭಾರತೀಯ ರೈಲ್ವೆಯ ಕಲ್ಲಿದ್ದಲು ವ್ಯಾಗನ್‌ಗಳಿಗೂ ಅದೇ ಜಾತಿಯ ಉಕ್ಕು ಬಂತು.

ನನ್ನ ದೃಷ್ಟಿಯಲ್ಲಿ ಹೆಚ್ಚು ಜಾಣತನದ ಪರಿಹಾರವೆಂದರೆ ಲೀನ್ ಡ್ಯೂಪ್ಲೆಕ್ಸ್, ಅಂದರೆ ನಿಕ್ಕಲ್ ಕಡಿಮೆಯಿರುವ, ಎರಡು ರಚನೆಗಳು ಬೆರೆತ ಉಕ್ಕು. ಅರ್ಧ ಫೆರೈಟ್, ಅರ್ಧ ಆಸ್ಟೆನೈಟ್ ಇರಲೆಂದು ಮೊದಲೇ ಒಪ್ಪಿಕೊಂಡರೆ ಕ್ರೋಮಿಯಂ ಕಡಿತಗೊಳಿಸುವ ಪ್ರಮೇಯವೇ ಬರುವುದಿಲ್ಲ. 2000ದ ದಶಕದಲ್ಲಿ ಮಾರುಕಟ್ಟೆಗೆ ಬಂದ 2101 ದರ್ಜೆಯಲ್ಲಿ ಕ್ರೋಮಿಯಂ ಶೇ 21, ಮ್ಯಾಂಗನೀಸ್ ಶೇ 5, ನಿಕ್ಕಲ್ ಬರೀ ಶೇ 1.5. ಅದೇ ದಶಕದಲ್ಲಿ, 2007ರ ಮೇ ತಿಂಗಳಲ್ಲಿ, ನಿಕ್ಕಲ್ ಟನ್ನಿಗೆ 50,000 ಡಾಲರ್ ದಾಟಿದಾಗ ಇಂಥ ಉಕ್ಕನ್ನು ಖರೀದಿದಾರರೇ ಹುಡುಕಿಕೊಂಡು ಬರುವಂತಾಯಿತು. ಇದರ ಇಳುವರಿ ಬಲ (ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡ) 304ರದಕ್ಕಿಂತ ಸುಮಾರು ಎರಡು ಪಟ್ಟು, ಅಂದರೆ 450 ಮೆಗಾಪ್ಯಾಸ್ಕಲ್‌ನ ಆಸುಪಾಸು. ಹಲಗೆ ತೆಳುವಾದಷ್ಟೂ ಖರ್ಚು ಇಳಿಯುತ್ತದೆ.

ಆದರೆ ಬಾಗುವಿಕೆಯ ಮಿತಿಯೇ ಅಳತೆಯನ್ನು ನಿರ್ಧರಿಸುವ ಉದ್ದನೆಯ ಪಾದಚಾರಿ ಸೇತುವೆಗಳಲ್ಲಿ ಈ ಲಾಭ ಅಷ್ಟಾಗಿ ಸಿಗದು, ಏಕೆಂದರೆ ಬಿಗುಪು (ಭಾರಕ್ಕೆ ಬಾಗದೆ ನಿಲ್ಲುವ ಗುಣ) ಎಲ್ಲ ದರ್ಜೆಗಳಲ್ಲೂ ಹೆಚ್ಚುಕಡಿಮೆ ಒಂದೇ, 200 ಗಿಗಾಪ್ಯಾಸ್ಕಲ್. ಕಡಲಿನಿಂದ ದೂರವಿರುವ ಬೆಂಗಳೂರಿನ ಎಷ್ಟೋ ಚೌಕಟ್ಟುಗಳಿಗೆ ಫೆರೈಟ್ ಜಾತಿಯ ಉಕ್ಕೇ ಸಾಕು. ಮಂಗಳೂರಿನ ಕಡಲಂಚಿನ ಕಾಂಕ್ರೀಟಿನೊಳಗೆ ಹೋಗುವ ಸರಳುಗಳಿಗಾದರೆ ಡ್ಯೂಪ್ಲೆಕ್ಸಿನ ಲೆಕ್ಕ ಹಾಕಿ ನೋಡಬೇಕು.